ಪಾರ್ಸೆಲ್ ಕೌಂಟರಿಗೆ ಬಂದ ಅಮ್ಮ

ನಗದೇ ಇರೋದೇ ನನ್ನ ಕೆಲಸವಾಗಿತ್ತು. ನಗಬೇಡಿ, ನಿಜ ಹೇಳ್ತಿದ್ದೀನಿ. ಟೀವಿ ಇನ್ನೂ ಕಪ್ಪು ಬಿಳುಪಾಗಿದ್ದ ಕಾಲ. ವಾರಕ್ಕೊಂದು ಸಲ ಅರ್ಧ ಗಂಟೆ ನಗೆ ಕಾರ್ಯಕ್ರಮ. ಸ್ಟುಡಿಯೋದಲ್ಲಿ ಜನರನ್ನ ಕೂರಿಸಿ, ಎಲ್ಲಾ ನೇರ ಪ್ರಸಾರ. ತಪ್ಪಿದರೆ ತಪ್ಪಿದ್ದೇ, ಊರೆಲ್ಲ ನೋಡುತ್ತೆ. ನಮ್ಮ ಡುಮ್ಮಣ್ಣ ಕೋತಿ ಚೇಷ್ಟೆ ಮಾಡೋನು, ನಾನು ಕಲ್ಲುಗುಂಡಿನ ಹಾಗೆ ನಿಂತು "ಮುಂದೆ?" ಅನ್ನೋನು. ನಾನು ನಕ್ಕರೆ ಆಟ ಕೆಟ್ಟಿತು ಅಂತಲೇ ಲೆಕ್ಕ. ಚಪ್ಪಾಳೆ ಮಾತ್ರ ಪೂರಾ ಅವನಿಗೆ. ಹೊಟ್ಟೆ ಉರಿಯಲ್ವಾ ಅಂತೀರಾ? ಉರಿಯುತ್ತೆ ಸ್ವಾಮಿ, ಯಾಕೆ ಉರಿಯಲ್ಲ!

ಅದಕ್ಕಿಂತ ಹೆಚ್ಚು ಉರಿಸಿದ್ದು ನಮ್ಮಮ್ಮ. ಮೂವತ್ತು ವರ್ಷ ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೂತವಳು. "ಮುಖಕ್ಕೆ ಪೌಡರ್ ಬಳ್ಕೊಂಡು ಕಂಬದ ಥರ ನಿಲ್ಲೋದೂ ಒಂದು ಕೆಲಸಾನೇನೋ?" ಹನ್ನೊಂದು ವರ್ಷದಿಂದ ಇದೇ ರಾಗ. ಕಾರ್ಯಕ್ರಮ ಒಂದು ದಿನವೂ ನೋಡಿರಲಿಲ್ಲ. ಕೊನೆಗೆ ಕಾಡಿ ಬೇಡಿ, ಅವಳಿಗೋಸ್ಕರವೇ ಅಂಚೆ ಕಚೇರಿಯ ಪ್ರಹಸನ ಬರೆಸಿ, ಮೊದಲನೇ ಸಾಲಲ್ಲಿ ತಂದು ಕೂರಿಸಿದೆ. ಇವತ್ತಾದರೂ "ಪರವಾಗಿಲ್ಲ ಕಣೋ" ಅಂದಾಳು ಅನ್ನೋ ಆಸೆ. ಅಷ್ಟು ಸಾಕಿತ್ತು ನನಗೆ.

ಪ್ರಸಾರ ಶುರುವಾಯ್ತು ಅನ್ನೋ ಕೆಂಪು ದೀಪ ಹತ್ತಿತು. ಡುಮ್ಮಣ್ಣ ಮೈತುಂಬ ಕಂದು ಕಾಗದ ಸುತ್ತಿಕೊಂಡು, ಹಣೆಗೆ ಸ್ಟಾಂಪ್ ಅಂಟಿಸಿಕೊಂಡು ಕುಪ್ಪಳಿಸುತ್ತ, ನಾನು ಗುಮಾಸ್ತನಾಗಿ ನಿಂತಿದ್ದ ಕೌಂಟರಿಗೆ ಬಂದ.

"ನನ್ನನ್ನ ಅತ್ತೆ ಮನೆಗೆ ಕಳಿಸಬೇಕು ಸಾರ್."

"ಒಳಗೇನಿದೆ?" ಅಂದೆ.

"ಬೆಳಗಿನ ತಿಂಡಿ ಸಾರ್."

"ಒಡೆದು ಹೋಗೋ ವಸ್ತು?"

"ಮನಸ್ಸು ಸಾರ್. ಈಗಾಗಲೇ ಎರಡು ಸಲ ಒಡೆದಿದೆ."

ಜನ ಬಿದ್ದು ಬಿದ್ದು ನಕ್ಕರು. ಡುಮ್ಮಣ್ಣ ಪಾರ್ಸೆಲ್ ತೂಗೋ ತಕ್ಕಡಿ ಹತ್ತಿ ಧೊಪ್ಪನೆ ಕೂತ.

"ಏಯ್, ಇಳಿಯಯ್ಯಾ ಕೆಳಗೆ!"

ಇದು ಬರೆದಿದ್ದ ಮಾತಲ್ಲ. ತಿರುಗಿ ನೋಡಿದರೆ ಅಮ್ಮ! ಕೈಚೀಲ ಕಂಕುಳಲ್ಲಿಟ್ಟುಕೊಂಡು ವೇದಿಕೆಯ ಮೆಟ್ಟಿಲು ಹತ್ತಿ ಬರ್ತಿದ್ದಾಳೆ. ಇದು ಬರೀ ಆಟ ಅಂತ ಅವಳಿಗೆ ಗೊತ್ತಿಲ್ಲ ಅಂತಲ್ಲ. ಆದರೆ ಕೌಂಟರ್ ಅಂದರೆ ಕೌಂಟರೇ. ಅಯ್ಯೋ, ನನ್ನ ಕಥೆ ಮುಗೀತು ಅಂದುಕೊಂಡೆ. ಎರಡೂ ಕ್ಯಾಮೆರಾ ಅವಳ ಕಡೆ ತಿರುಗಿದವು.

"ದಾರ ಎಲ್ಲಿ? ದಾರ ಕಟ್ಟದೆ ಪಾರ್ಸೆಲ್ ತಗೊಳ್ತಾರಾ? ವಿಳಾಸ ಎಲ್ಲಿ? ಕಳಿಸೋರ ಹೆಸರು?" ಅಂತ ಡುಮ್ಮಣ್ಣನ ಸುತ್ತ ಒಂದು ಸುತ್ತು ಬಂದಳು. ಕೌಂಟರ್ ಮೇಲಿದ್ದ ಹುರಿ ಎತ್ತಿಕೊಂಡು ಅವನ ಹೊಟ್ಟೆಗೆ ಎರಡು ಸುತ್ತು ಬಿಗಿದು ಗಂಟು ಹಾಕಿದಳು. ಜನ ಕುರ್ಚಿಯಿಂದ ಜಾರ್ತಿದ್ದಾರೆ. ಮಹಾ ನಗೆಗಾರ ಡುಮ್ಮಣ್ಣನೇ ತಡೆಯಲಾರದೆ ಕಿಸಕ್ಕನೆ ನಕ್ಕ. ಕಾಗದ ಪರ್ರಂತ ಹರಿಯಿತು. ಕ್ಯಾಮೆರಾ ಹಿಡಿದೋರ ಹೆಗಲೂ ಕುಣೀತಿತ್ತು. ನಾನೊಬ್ಬ ಮಾತ್ರ ಹಲ್ಲು ಕಚ್ಚಿ ಹಾಗೇ ನಿಂತಿದ್ದೆ.

"ಮುಂದೆ?" ಅಂದೆ.

ಅಮ್ಮ ಸೊಂಟದ ಮೇಲೆ ಕೈಯಿಟ್ಟು, ಅವನಿಗೂ ಜನಕ್ಕೂ ಸೇರಿಸಿ ಗದರಿದಳು. "ನಾಚಿಕೆ ಆಗಲ್ವಾ ನಿಮಗೆಲ್ಲ? ಆಗಿನಿಂದ ನೋಡ್ತಿದ್ದೀನಿ, ಬರೀ ಹಲ್ಲು ಕಿಸಿಯೋರೇ! ಇಡೀ ಕಚೇರೀಲಿ ಕೆಲಸ ಮಾಡ್ತಿರೋನು ನನ್ನ ಮಗ ಒಬ್ಬನೇ!"

ಹನ್ನೊಂದು ವರ್ಷ ಕಾಪಾಡಿಕೊಂಡು ಬಂದ ಮುಖ ಅಲ್ಲೇ ಕೈಕೊಟ್ಟಿತು. ತಕ್ಕಡಿ ತಬ್ಬಿಕೊಂಡು, ಕಣ್ಣಲ್ಲಿ ನೀರು ಸುರಿಯೋವರೆಗೂ ನಕ್ಕೆ. ಅತ್ತಿದ್ದೋ ನಕ್ಕಿದ್ದೋ, ನನಗೇ ಗೊತ್ತಾಗಲಿಲ್ಲ.

"ನೋಡಿ," ಅಂದಳು ಅಮ್ಮ ಕ್ಯಾಮೆರಾ ಕಡೆ ತಿರುಗಿ, "ಹೊಗಳಿ ಇನ್ನೂ ಬಾಯಿ ಮುಚ್ಚಿಲ್ಲ, ಆಗಲೇ ಇವನೂ ಹಲ್ಲು ಕಿಸಿಯೋಕೆ ಶುರು ಮಾಡಿದ."