ಎದುರು ಪಕ್ಷದ ಹನ್ನೊಂದು ಪುಟ

ಕುರ್ಚಿ ಕಿರ್ ಎಂದಿತು, ಅದರಲ್ಲಿ ಕೂತವನು ಕಾಲಮೇಲೆ ಕಾಲು ಹಾಕಿದನೇ, ಹಾಕಿದ, ಹನ್ನೊಂದು ತಿಂಗಳು ಬಾಯಿಗೆ ಬೀಗ ಜಡಿದುಕೊಂಡಿದ್ದವನು, ತರಗತಿಯೆಲ್ಲ ಮೌನಿ ಎಂದು ಕರೆಯುವವನು, ಈಗ ನೋಡಿ ಹೇಗೆ ಮೆರೆಯುತ್ತಾನೆ — ಈ ಎದುರು ಪಕ್ಷದ ಕುರ್ಚಿಯನ್ನು ಹುಟ್ಟುಹಾಕಿದ್ದೇ ಮೇಷ್ಟ್ರು, ಪಾದ್ರಿಗಳನ್ನು ತಯಾರಿಸುವ ಭೂಮಂಡಲದ ಯಾವ ಬೋಧಕರ ಶಾಲೆಯಲ್ಲೂ ಇಂಥದ್ದಿಲ್ಲ, ವಾರಕ್ಕೊಬ್ಬ ಶಿಷ್ಯ ಅದರಲ್ಲಿ ಕೂತು ಬೇರೆ ಕ್ರೈಸ್ತ ಪಂಗಡದವನ ಹಾಗೆ ವಾದಿಸಬೇಕು, ಉಳಿದವರು ಸತ್ಯವೇದದ ವಚನದಿಂದಲೇ ಅವನ ಬಾಯಿ ಕಟ್ಟಬೇಕು, ಸ್ವಂತ ಮಾತು ಒಂದು ನುಸುಳಿದರೂ ಸೋತಂತೆ, ಇಪ್ಪತ್ತೆರಡು ವರ್ಷದಲ್ಲಿ ನಾಲ್ಕು ಸಾವಿರ, ಅಲ್ಲ, ನಲವತ್ತು ಸಾವಿರ ವಾದ ನಡೆದಿವೆ, ಕುರ್ಚಿ ಒಮ್ಮೆಯೂ ಗೆದ್ದಿಲ್ಲ, ಇವತ್ತಿನವರೆಗೆ. ಸತ್ಯವೇದದಲ್ಲಿ ಆ ಸೆರೆಮನೆಯ ಯಜಮಾನನ ಮನೆಯವರಿಗೆಲ್ಲ ಒಟ್ಟಿಗೆ ದೀಕ್ಷಾಸ್ನಾನ ಆಯ್ತಲ್ಲ, ಆ ಮನೇಲಿ ಕೂಸೇ ಇರಲಿಲ್ಲ ಅಂತ ಯಾವ ವಚನ ಹೇಳುತ್ತೆ? ಮೌನಿ ಕೇಳುತ್ತಿದ್ದಾನೆ. ಗುಡುಗು ಎದ್ದ, ದನಿಗೆ ತಕ್ಕ ಹೆಸರು, ಏಯ್, ನಂಬಿದವನಿಗಲ್ವೇನೋ ಸ್ನಾನ, ಕೂಸು ಏನು ನಂಬುತ್ತೆ, ಅತ್ರೆ ಹಾಲು ಬರುತ್ತೆ ಅಂತಲಾ? ತರಗತಿ ಹೊಟ್ಟೆ ಹಿಡಿದು ನಕ್ಕಿತು. ನಿನ್ನ ಮಾತು ಬೇಡ ಗುಡುಗಣ್ಣ, ವಚನ ಕೊಡು. ಗುಡುಗು ಪುಟ ತಿರುವಿದ, ತಿರುವಿದ, ಮಿಂಚೂ ಇಲ್ಲ ಮಳೆಯೂ ಇಲ್ಲ, ಕೂತ.

ಇದು ಕಲಿತ ವಾದವಲ್ಲ, ಮೇಷ್ಟ್ರ ಮೂಗು ನೂರು ಮೈಲಿ ದೂರದ ಹುಸಿಯನ್ನೂ ಮೂಸಿ ಹಿಡಿಯುತ್ತದೆ, ಇದು ತೊಟ್ಟಿಲಲ್ಲೇ ಕೇಳಿ ಬಂದದ್ದು, ಇವನನ್ನು ಯಾರೋ ಕಳಿಸಿದ್ದಾರೆ, ಯಾರು, ಇನ್ಯಾರು, ರಸ್ತೆಯ ಮೂಲೆಯ ಚರ್ಚಿನ ಆ ಇನ್ನೊಂದು ಸಭೆಯವರು, ಕೂಸುಗಳ ಹಣೆಗೆ ನೀರು ಮುಟ್ಟಿಸುವವರು — ಆ ಸಭೆಯ ನೆನಪೇ ಬೇಡ, ಬೇಡವೆಂದರೆ ಬಿಡುತ್ತದೆಯೇ, ಮೂರು ಭಾನುವಾರದ ಹಿಂದೆ ಅಲ್ಲಿ ಕಂಬದ ಹಿಂದೆ ನಿಂತಿದ್ದವರು ಯಾರು, ಮೇಷ್ಟ್ರೇ. ಮಗಳು ಆ ಸಭೆಗೇ ಸೊಸೆಯಾಗಿ ಹೋದವಳು, ಫೋನಿನಲ್ಲಿ ಅತ್ತಿದ್ದಳು, ಅಪ್ಪಾ, ಪಾಪುವಿನ ದೀಕ್ಷಾಸ್ನಾನಕ್ಕೆ ವಾದ ಮಾಡಕ್ಕೆ ಬರಬೇಡಿ, ತಾತ ಆಗಿ ಬನ್ನಿ. ನಾನು ಬರಲ್ಲ, ಅದು ವಚನಕ್ಕೆ ವಿರುದ್ಧ, ಎಂದು ಗುಡುಗಿ ಫೋನಿಟ್ಟವರು, ಹೆಂಡತಿಗೂ ಹೇಳದೆ, ಟೋಪಿ ಹುಬ್ಬಿನವರೆಗೆ ಎಳೆದುಕೊಂಡು ಹೋಗಿದ್ದರು, ಮೊಮ್ಮಗಳ ಹಣೆಗೆ ನೀರು ಬಿತ್ತು, ಒಂದು ಹನಿ ಹುಬ್ಬಿನ ಮೇಲೆ ನಿಂತಿತು, ಅತ್ತ ಜಾರಲಿಲ್ಲ, ಇತ್ತ ಜಾರಲಿಲ್ಲ, ಆಗಲೇ ಪಕ್ಕದ ಬಾಗಿಲಲ್ಲಿ ಒಂದು ಚೌಕಳಿ ಅಂಗಿ ಸರಿದು ಹೋದದ್ದು, ಮೌನಿಯ ಅಂಗಿಯೂ ಚೌಕಳಿಯೇ, ಊರಲ್ಲಿ ಹತ್ತು ಸಾವಿರ ಚೌಕಳಿ ಅಂಗಿಗಳಿರಬಹುದು, ಇದ್ದರೇನು, ಇವನು ನೋಡಿದ್ದಾನೆ, ಅದಕ್ಕೇ ಇವತ್ತು ಕೂಸು ಕೂಸು ಎಂದು ಇರಿಯುತ್ತಿದ್ದಾನೆ, ನಾಳೆ ಶಾಲೆಯ ಸಮಿತಿಯ ಮುಂದೆ ಬಾಯಿಬಿಟ್ಟರೆ ಇಪ್ಪತ್ತೆರಡು ವರ್ಷದ ಮೇಷ್ಟ್ರಗಿರಿ ನೀರಲ್ಲಿ ಹೋಮ.

ಕಾರ್ಯದರ್ಶಿ ಬಾಗಿಲಲ್ಲಿ ಇಣುಕಿದರು, ಮೇಷ್ಟ್ರೇ, ಪಟ್ಟಿ ಆಯ್ತಾ, ಸಮಿತಿ ಕಾಯ್ತಾ ಇದೆ. ಹನ್ನೆರಡು ಹೆಸರು, ಯಾರಿಗೆ ಸಭೆ ಕೊಟ್ಟು ಬೋಧಕನಾಗಿ ಕಳಿಸಬಹುದು ಎಂಬ ಪಟ್ಟಿ, ಇದರಿಂದ ಬಿದ್ದವನಿಗೆ ಬೋಧಕನ ಬಾಗಿಲು ಮತ್ತೆ ತೆರೆಯುವುದಿಲ್ಲ, ಮೌನಿ ತನ್ನ ಕ್ಷೌರದ ಅಂಗಡಿಯನ್ನೇ ಮಾರಿ ಬಂದವನು, ಮಾರಲಿ, ಬೇಹುಗಾರನಿಗೆ ಅಂಗಡಿಯೇನು ಅರಮನೆಯೇನು — ಪೆನ್ನು ತಾನಾಗಿಯೇ ಅವನ ಹೆಸರಿನ ಮೇಲೆ ಗೆರೆ ಎಳೆಯಿತು, ಗೆರೆಯ ತುದಿಯಲ್ಲಿ ಶಾಯಿ ಉಬ್ಬಿ ನಿಂತಿತು, ಹನಿಯ ಹಾಗೆ, ಛೆ, ಶಾಯಿ ಹೀರುವ ಒತ್ತುಕಾಗದ ಒತ್ತಿದರು, ಪಟ್ಟಿಯನ್ನು ಕಾರ್ಯದರ್ಶಿಯ ಕೈಗೆ ಕೊಟ್ಟರು. ತರಗತಿ ಚದುರಿತು. ಮೌನಿಯನ್ನು ಮಾತ್ರ ನಿಲ್ಲಿಸಿದರು, ನಿಂತುಕೊಳ್ಳಯ್ಯಾ, ಇದನ್ನೆಲ್ಲ ನಿನಗೆ ಹೇಳಿಕೊಟ್ಟವರು ಯಾರು, ನಿಜ ಹೇಳು. ಅವನು ಸೋಜಿಗದಿಂದ ನೋಡಿದ, ನೀವೇ ಅಲ್ವಾ ಮೇಷ್ಟ್ರೇ, ಚೀಲದಿಂದ ತೆಗೆದ ಹಾಳೆಗಳು, ಮೇಷ್ಟ್ರದ್ದೇ ಕೈಬರಹದ ನಕಲು, ಎದುರು ಪಕ್ಷದವರು ಏನೆನ್ನುತ್ತಾರೆ, ಹನ್ನೊಂದು ಪುಟ, ನಮ್ಮ ಉತ್ತರ, ಅರ್ಧ ಪುಟ, ನೀವು ಅವರ ಮಾತನ್ನ ಎಷ್ಟು ಚೆನ್ನಾಗಿ ಬರೆದಿದ್ದೀರಿ ಅಂದ್ರೆ ಓದ್ತಾ ಓದ್ತಾ ನಂಗೇ ಭಯ ಆಯ್ತು, ಕಂಠಪಾಠ ಮಾಡಿಬಿಟ್ಟೆ. ಮೂಲೆಯ ಸಭೆಗೆ ಯಾವತ್ತಾದರೂ ಹೋಗಿದ್ದೀಯಾ? ಅಯ್ಯೋ, ಅದರ ಬಾಗಿಲು ಯಾವ ಕಡೆ ಅಂತಾನೂ ಗೊತ್ತಿಲ್ಲ ಮೇಷ್ಟ್ರೇ, ಭಾನುವಾರ ಪೂರ್ತಿ ಹಾಸ್ಟೆಲಲ್ಲಿ ಎಲ್ಲರ ತಲೆ ಬೋಳಿಸೋದೇ ಆಗುತ್ತೆ, ಗುಡುಗಣ್ಣನ್ನ ಕೇಳಿ.

ಕಾರ್ಯದರ್ಶಿಯ ಚಪ್ಪಲಿ ಮೆಟ್ಟಿಲಿಳಿಯುತ್ತಿದೆ, ಚಟ್, ಚಟ್, ಇನ್ನೂ ಕೂಗಿದರೆ ಕೇಳುವಷ್ಟು ಹತ್ತಿರ, ಕೂಗಿದರೆ ಕಾರಣ ಹೇಳಬೇಕು, ಗೆರೆ ಯಾಕೆ ಎಳೆದಿರಿ, ಯಾಕೆ ಅಳಿಸುತ್ತೀರಿ, ಆ ಭಾನುವಾರ ಎಲ್ಲಿದ್ದಿರಿ, ಕಂಬದ ಹಿಂದೆ ಎನ್ನಬೇಕು, ಚಟ್, ಮೌನಿ ಕೇಳುತ್ತಿದ್ದಾನೆ, ಮೇಷ್ಟ್ರೇ, ಪಟ್ಟಿಯಲ್ಲಿ ನನ್ನ ಹೆಸರು ಇದೆಯಲ್ವಾ, ಹೆಂಡ್ತಿಗೆ ಫೋನ್ ಮಾಡಿ ಹೇಳಬೇಕು, ಬೆಳಗ್ಗೆಯಿಂದ ಕಾಯ್ತಾ ಕೂತಿದ್ದಾಳೆ — ಇದಕ್ಕೊಂದು ವಚನ ಬೇಕು, ಆದಿಯಿಂದ ಅಂತ್ಯದವರೆಗೆ ಎಲ್ಲ ಬಾಯಿಪಾಠ, ಸಾವಿರ ಪಂಗಡಗಳ ಸೊಕ್ಕು ಮುರಿದ ನಾಲಿಗೆ, ಒಂದು ವಚನ, ಅರ್ಧ ವಚನ, ಚಪ್ಪಲಿಯ ಸದ್ದು ಅಂಗಳಕ್ಕೆ ಇಳಿಯಿತು, ಸಣ್ಣದಾಯಿತು, ಕಣ್ಣ ಮುಂದೆ ಒಂದು ಹುಬ್ಬು, ಇನ್ನೂ ಕೂದಲು ಮೂಡದ ಹುಬ್ಬು, ಅದರ ಮೇಲೆ ಹನಿ, ಅತ್ತ ಜಾರದ, ಇತ್ತ ಜಾರದ, ಹನಿ