ಎಂಟು ಹೋಗಿ ಒಂಬತ್ತು ಬಂದ ದೋಣಿ

ಗುಹೆಯೊಳಗೆ ಕರೆದೊಯ್ದದ್ದು ಎಂಟು ಜನರನ್ನು. ವಾಪಸು ಹೊರಟಾಗ ದೋಣಿಯಲ್ಲಿ ಕುಳಿತಿದ್ದವರು ಒಂಬತ್ತು. ದೋಣಿಯವನು ಮೂರು ಸಲ ಎಣಿಸಿದ. ಎಡದಿಂದ ಎಣಿಸಿದರೂ ಒಂಬತ್ತು, ಬಲದಿಂದ ಎಣಿಸಿದರೂ ಒಂಬತ್ತು. ಹನ್ನೆರಡು ವರ್ಷಗಳಿಂದ ಈ ಸುಣ್ಣಕಲ್ಲಿನ ಬಂಡೆಗಳ ಬುಡದಲ್ಲಿ ದೋಣಿ ನಡೆಸುತ್ತಿದ್ದವನಿಗೆ ತಲೆ ಕೆಟ್ಟಂತಾಯಿತು.

"ಒಬ್ರು ಜಾಸ್ತಿ ಇದ್ದೀರಿ," ಎಂದ.

"ಕಡಿಮೆ ಆದ್ರೆ ತಾನೇ ಕಷ್ಟ? ಜಾಸ್ತಿ ಆದ್ರೆ ನಿಮಗೇ ಲಾಭ!" ಎಂದರು ಮುಂದೆ ಕುಳಿತಿದ್ದ ಕನ್ನಡಕದ ಯಜಮಾನರು. ಉಳಿದವರ ನಗು ಗುಹೆಯ ಬಿಳಿಗೋಡೆಗೆ ಬಡಿದು ಎರಡರಷ್ಟಾಯಿತು.

ಅವನಿಗೆ ನಗು ಬರಲಿಲ್ಲ. ಇದು ದಿನದ ಕೊನೆಯ ಸುತ್ತು. ಇನ್ನರ್ಧ ಗಂಟೆಯಲ್ಲಿ ಉಬ್ಬರದ ನೀರು ಏರಿ ಗುಹೆಯ ಬಾಯಿ ಮುಚ್ಚಿಹೋಗುತ್ತದೆ. ಬಂಡೆಯೇನು ಮನುಷ್ಯರನ್ನು ಹೆರುತ್ತದೆಯೇ? ಒಂದೊಂದೇ ಮುಖ ನೋಡುತ್ತ ಹೋದ. ಕೊನೆಯ ಹಲಗೆಯ ಮೇಲೆ ಐವತ್ತು ದಾಟಿದ ಹೆಂಗಸೊಬ್ಬರು ಮೊಣಕಾಲವರೆಗೆ ನೆನೆದು ಕುಳಿತಿದ್ದರು.

"ಅಮ್ಮಾ, ನೀವು ಯಾವಾಗ ಬಂದ್ರಿ?"

"ಹಿಂದಿನ ಸುತ್ತಲ್ಲಿ. ದೋಣಿ ಇಳಿದು ಆ ಕಲ್ಲಿನ ಹಿಂದೆ ಹೋಗಿ ನೋಡ್ಕೊಂಡು ಬರೋಷ್ಟರಲ್ಲಿ ದೋಣಿ ಹೋಗ್ಬಿಟ್ಟಿತ್ತು."

ಅವನಿಗೆ ಈಗ ನೆನಪಾಯಿತು. ಹಿಂದಿನ ಸುತ್ತಿನಲ್ಲಿ ಬಂದದ್ದು ಹನ್ನೊಂದು ಜನರ ಒಂದೇ ಕುಟುಂಬ. ಎಂಜಿನ್ ಹಟ ಹಿಡಿದಿತ್ತು. "ಎಲ್ಲಾ ಬಂದ್ವಿ, ಹೊರಡಿ" ಎಂದು ಯಾರೋ ಕೂಗಿದ್ದನ್ನೇ ನಂಬಿ, ಎಣಿಸದೆ ಹೊರಟುಬಿಟ್ಟಿದ್ದ. ಹೋದ ವರ್ಷ ಹೀಗೇ ಒಬ್ಬರನ್ನು ಬಿಟ್ಟು ಬಂದ ಗೆಳೆಯನ ಪರವಾನಗಿ ರದ್ದಾಗಿತ್ತು. ಆದರೆ ಒಂದು ಗಂಟೆ ಕಳೆದರೂ ದಡದಲ್ಲಿ ಯಾರೂ ಬೊಬ್ಬೆ ಹಾಕಿರಲಿಲ್ಲವಲ್ಲ? ಅದೇ ಅವನಿಗೆ ಅರ್ಥವಾಗಲಿಲ್ಲ.

"ಕೂಗ್ಬೇಕಿತ್ತಲ್ಲಮ್ಮ?"

"ಮೊದಲು ಕೂಗ್ದೆ. ಆಮೇಲೆ, ಯಾರಾದ್ರೂ ಹುಡುಕ್ಕೊಂಡು ಬರ್ತಾರಾ ನೋಡೋಣ ಅಂತ ಸುಮ್ನಾದೆ."

ದಡದಲ್ಲಿ ಆ ಕುಟುಂಬದ ವ್ಯಾನು ಇನ್ನೂ ನಿಂತಿತ್ತು. ಕೆಲವರು ತಿನ್ನುತ್ತಿದ್ದರು, ಕೆಲವರು ತೆಗೆದ ಫೋಟೋಗಳನ್ನು ನೋಡುತ್ತಿದ್ದರು. ಆಕೆ ಲೈಫ್ ಜಾಕೆಟ್ ಬಿಚ್ಚಿಕೊಟ್ಟು, "ನಾನೇನೂ ಹೇಳಲ್ಲ, ನೀವೂ ಹೇಳ್ಬೇಡಿ," ಎಂದು ವ್ಯಾನಿನತ್ತ ನಡೆದರು. ಆಕೆಯ ಗಂಡ ಫೋನಿನಿಂದ ತಲೆ ಎತ್ತದೆಯೇ ತಮ್ಮ ಚೀಲವನ್ನು ಆಕೆಯ ಕೈಗೆ ದಾಟಿಸಿದರು.

ಬಾಯಿ ಮುಚ್ಚಿಕೊಂಡಿದ್ದರೆ ದೋಣಿಯವನು ಪಾರಾಗುತ್ತಿದ್ದ. ಆದರೆ ಅವನಿಗೆ ಸಿಟ್ಟು ಬಂತು. ಸಿಟ್ಟು ತನ್ನ ಮೇಲೋ ಅವರ ಮೇಲೋ ಗೊತ್ತಾಗಲಿಲ್ಲ. ನೇರವಾಗಿ ಆ ಗಂಡನ ಮುಂದೆ ಹೋಗಿ ನಿಂತ.

"ಸಾರ್, ನಿಮ್ಮೋರೊಬ್ರನ್ನ ಗುಹೇಲೇ ಬಿಟ್ಟು ಬಂದಿದ್ದೆ. ಒಂದು ಗಂಟೆ. ತಪ್ಪು ನಂದೇ."

ಗಂಡ ಗಾಬರಿಯಾಗಿ ವ್ಯಾನಿನ ಒಳಗೆಲ್ಲ ಕಣ್ಣಾಡಿಸಿದರು.

"ಅಯ್ಯೋ! ಯಾರನ್ನ?"

ಆಕೆ ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದರು.