ನೀರುಕೋಳಿ ಕೂತ ಜಾಗ

ಕೆರೆ ಉಳಿಸುವ ಸಂಘಕ್ಕೆ ಪೋಸ್ಟು ಬರೆಯುವವಳು ಅವಳೇ. ಜೊಂಡಿನೊಳಗೆ ಕಾವು ಕೂತ ನೀರುಕೋಳಿಯ ಫೋಟೊ ಹಾಕಿದಾಗ, ಜನ ನಂಬಲಿ ಎಂದು ಜಾಗದ ಗುರುತನ್ನೂ ಸೇರಿಸಿದ್ದಳು. ನಂಬಿಸುವುದೇ ತಾನೆ ಅವಳ ಕಸುಬು! ಜನ ನಂಬಿದರು. ಭಾನುವಾರ ಹಿಂಡುಹಿಂಡಾಗಿ ಬಂದು, ಜೊಂಡು ತುಳಿದು, ಗೂಡಿಗೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಂಡರು. ಬೆದರಿ ಹೋದ ಹಕ್ಕಿ ಮರಳಲಿಲ್ಲ.

ಮರುದಿನ ಅವಳು ತಣ್ಣಗಾದ ಮೊಟ್ಟೆಗಳ ಮುಂದೆ ಕೂತಿದ್ದಾಗ ಸಂಘದ ಅಧ್ಯಕ್ಷರು ಫೋನು ಮಾಡಿದರು.

"ಅಳ್ಬೇಡಮ್ಮ. ಆ ಮೊಟ್ಟೆಗಳದ್ದೂ ಒಂದು ಫೋಟೊ ಹಾಕ್ಬಿಡು. ನೋಡಿದೋರ ಕರುಳು ಚುರುಕ್ ಅನ್ಬೇಕು."

ಹಾಕಿದಳು. ಮೊದಲು ಕರುಳು ಚುರುಕ್ ಎಂದದ್ದು ಅವಳ ಸ್ವಂತ ತಂಗಿಗೆ.

"ಅಯ್ಯೋ! ಯಾವ ಪಾಪಿಗಳು ಅಕ್ಕಾ ಹೀಗ್ ಮಾಡಿದ್ದು?"

ಆ ಕಾಮೆಂಟಿನ ಪಕ್ಕದ ಪುಟ್ಟ ಹೊಸ ಪ್ರೊಫೈಲ್ ಚಿತ್ರದಲ್ಲಿ ತಂಗಿ ನಗುತ್ತಿದ್ದಳು. ಬೆನ್ನ ಹಿಂದೆ, ಗೂಡು ಬಿಟ್ಟೇಳುತ್ತಿದ್ದ ನೀರುಕೋಳಿ.